ಮೊದಲು ಬಡ್ಡಿ ನೋಡಿ, ಹಾಲು ಆಮೇಲೆ

ನೀವು ಕೇಳಿದ್ದು ಇಷ್ಟು: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆ ಮನೆ, ಸ್ವಲ್ಪ ಅಡಿಕೆ ತೋಟ, ಯಜಮಾನರಿಗೆ ಪೇಟೆಯಲ್ಲಿ ಸಣ್ಣ ಕೆಲಸ. ಹಾಲು ಒಂದು ಲೀಟರಿನಿಂದ ಅರ್ಧಕ್ಕೆ ಇಳಿಸಿದ್ದೀರಿ, ಬೇಕರಿ ತಿಂಡಿ ಬಿಟ್ಟಿದ್ದೀರಿ, ಆದರೂ ಕೈಯಲ್ಲಿ ಏನೂ ನಿಲ್ಲುತ್ತಿಲ್ಲ. ಇನ್ನೇನು ಕಡಿಮೆ ಮಾಡೋದು, ಲೆಕ್ಕ ಬರೆಯೋಕೆ ಯಾವ ಆ್ಯಪ್ ಒಳ್ಳೆಯದು ಅಂತ. ಕೊನೆಗೆ ಒಂದು ಸಾಲಿನಲ್ಲಿ, ಸ್ವಲ್ಪ ಚಿನ್ನ ಅಡವಿದೆ ಅಂತಲೂ ಬರೆದಿದ್ದೀರಿ.

ನನ್ನ ಪ್ರಕಾರ ನಿಮ್ಮ ಪ್ರಶ್ನೆ ಇರೋದೇ ಆ ಕೊನೆಯ ಸಾಲಿನಲ್ಲಿ. ಪೇಟೆಯ ಖಾಸಗಿ ಅಡವಿನ ಅಂಗಡಿಗಳಲ್ಲಿ ಬಡ್ಡಿಯನ್ನು ನೂರಕ್ಕೆ ತಿಂಗಳಿಗೆ ಇಷ್ಟು ಅಂತ ಹೇಳುತ್ತಾರೆ. ಒಂದೂವರೆ ರೂಪಾಯಿ ಅಂದರೆ ಕೇಳೋಕೆ ಏನೂ ಅಲ್ಲ. ವರ್ಷಕ್ಕೆ ಅದು 18 ಪರ್ಸೆಂಟ್. ಒಂದು ಲಕ್ಷಕ್ಕೆ ತಿಂಗಳಿಗೆ 1,500 ರೂಪಾಯಿ. ಅದೇ ಚಿನ್ನ ಇಟ್ಟು ಸಹಕಾರಿ ಬ್ಯಾಂಕಿನಲ್ಲೋ ಬೇರೆ ಬ್ಯಾಂಕಿನಲ್ಲೋ ವರ್ಷಕ್ಕೆ 9 ಪರ್ಸೆಂಟಿಗೆ ಸಾಲ ಸಿಕ್ಕಿದರೆ 750, ಉಳಿಯೋದೂ ಅಷ್ಟೇ. ಅರ್ಧ ಲೀಟರ್ ಹಾಲಿಗೆ ತಿಂಗಳಿಗೆ ಬೀಳೋದೂ ಹೆಚ್ಚುಕಡಿಮೆ ಅಷ್ಟೇ ಅಲ್ವಾ? ಹಾಗಾಗಿ ಒಂದು ದಿನ ಬಿಡುವು ಮಾಡಿಕೊಂಡು ಎರಡು ಮೂರು ಬ್ಯಾಂಕಿನಲ್ಲಿ ದರ ಕೇಳಿ, ಅಡವು ಬದಲಾಯಿಸಿ. ಹಾಲು ಮೊದಲಿನಂತೆ ತರಿಸಿ. ಮಕ್ಕಳಿರುವ ಮನೆಯಲ್ಲಿ ಉಳಿತಾಯ ಶುರು ಮಾಡಬೇಕಾದ ಜಾಗ ಅದಲ್ಲ.

ಇನ್ನು ಆ ಚಿನ್ನ ಅಡವಿಗೆ ಹೋದದ್ದು ಯಾವಾಗ? ನಾನೂ ಪೆರ್ಲದ ಹತ್ತಿರ ಅಡಿಕೆ ಮನೆಯ ಸೊಸೆಯೇ, ಅದಕ್ಕೆ ಊಹೆ ಮಾಡಬಲ್ಲೆ: ಮೇ ಕೊನೆ ಅಥವಾ ಜೂನ್. ನಮ್ಮ ಕಡೆ ದುಡ್ಡು ಬರುವ ಕಾಲ ಬೇರೆ, ಹೋಗುವ ಕಾಲ ಬೇರೆ. ಕೊಯ್ಲಾಗಿ, ಅಂಗಳದಲ್ಲಿ ಒಣಗಿ, ಸುಲಿದು ಚಾಲಿ, ಅಂದರೆ ಮಾರುವ ಒಣ ಅಡಿಕೆ, ಆಗುವಾಗ ಬೇಸಿಗೆ. ಆಗ ಮದುವೆ, ದೇವಸ್ಥಾನದ ಬ್ರಹ್ಮಕಲಶ, ಮನೆ ರಿಪೇರಿ ಎಲ್ಲ ಸಾಲಾಗಿ ಬರುತ್ತವೆ, ಕೈಯೂ ಸಡಿಲ ಇರುತ್ತದೆ. ಜೂನ್ ಒಂದಕ್ಕೆ ಶಾಲೆ ಶುರು: ಪುಸ್ತಕ, ಕೊಡೆ, ಯೂನಿಫಾರ್ಮ್. ಅದೇ ಹೊತ್ತಿಗೆ ತೋಟಕ್ಕೆ ಮದ್ದು ಬಿಡಬೇಕು. ಮೈಲುತುತ್ತು (ಕಾಪರ್ ಸಲ್ಫೇಟ್), ಸುಣ್ಣ, ಮರ ಹತ್ತುವವರ ಸಂಬಳ. ಇದನ್ನು ಮುಂದೆ ಹಾಕೋ ಹಾಗಿಲ್ಲ, ಹಾಕಿದರೆ ಕೊಳೆರೋಗ ಬಂದು ಮುಂದಿನ ವರ್ಷದ ಆದಾಯವೇ ಉದುರಿಹೋಗುತ್ತದೆ. ಆಗ ಬಳೆ ಪೇಟೆಗೆ ಹೋಗುತ್ತದೆ, ಮುಂದಿನ ಕೊಯ್ಲಿನವರೆಗೆ ಅಲ್ಲೇ ಕೂರುತ್ತದೆ.

ಅದಕ್ಕೇ ನಮ್ಮಲ್ಲಿ ಮಾಡೋದು ಹೀಗೆ. ಅಡಿಕೆಯನ್ನು ಒಂದೇ ಸಲ ಮಾರೋದಿಲ್ಲ. ಏಪ್ರಿಲ್‌ನಲ್ಲಿ ಸ್ವಲ್ಪ ಮಾರಿ, ಮದ್ದಿನ ದುಡ್ಡು ಮತ್ತು ಶಾಲೆಯ ದುಡ್ಡನ್ನು ಬೇರೆ ಖಾತೆಗೆ ಹಾಕುತ್ತೇವೆ. ಆ ಖಾತೆಗೆ ಗೂಗಲ್ ಪೇ ಇಲ್ಲ, ಬೇಕೆಂದೇ ಇಟ್ಟಿಲ್ಲ. ಉಳಿದ ಅಡಿಕೆ ಚೆನ್ನಾಗಿ ಒಣಗಿಸಿ, ಒಳಗೆ ಪ್ಲಾಸ್ಟಿಕ್ ಇರುವ ಗೋಣಿಯಲ್ಲಿ ಕಟ್ಟಿಟ್ಟು, ತಿಂಗಳ ಖರ್ಚಿಗೆ ಬೇಕಾದಷ್ಟೇ ಕೊಡುತ್ತೇವೆ. ತೋಟದ ಮನೆಗೆ ಇದೇ ಸಂಬಳ. ಹಳೆ ಅಡಿಕೆಗೆ ಸಾಮಾನ್ಯವಾಗಿ ಹೊಸದಕ್ಕಿಂತ ಒಳ್ಳೆ ರೇಟು, ಅದೂ ಒಂದು ಲಾಭ. ಆದರೆ ರೇಟು ಇನ್ನೂ ಏರುತ್ತದೆ ಅಂತ ಎಲ್ಲವನ್ನೂ ಹಿಡಿದು ಕೂರಬೇಡಿ. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ್ದೇ ಅಡಿಕೆ ಬೆಲೆ ನೆಲ ಕಚ್ಚಿದ್ದರಿಂದ. ಅಡವಿನ ಸಾಲ ಇಟ್ಟುಕೊಂಡು ಅಟ್ಟದಲ್ಲಿ ಅಡಿಕೆ ಕಾಯೋದರಲ್ಲಂತೂ ಅರ್ಥವೇ ಇಲ್ಲ. ಮಾವನವರನ್ನು ಒಪ್ಪಿಸೋದು ಕಷ್ಟ, ಗೊತ್ತು!

ಕರೆಂಟು ಬಿಲ್ಲಿನಲ್ಲಿ ಒಂದು ವಿಷಯ ತಿಳಿದಿರಲಿ. ನಮ್ಮ ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯಲ್ಲಿ ಎರಡು ತಿಂಗಳಿಗೊಮ್ಮೆ ಬಿಲ್ಲು. ತಿಂಗಳಿಗೆ 250 ಯೂನಿಟ್, ಅಂದರೆ ಒಂದು ಬಿಲ್ಲಿಗೆ 500 ಯೂನಿಟ್ ತನಕ ಮೆಟ್ಟಿಲು ಮೆಟ್ಟಿಲಾಗಿ ದರ. ಮೊದಲ ಯೂನಿಟ್‌ಗಳು ಅಗ್ಗ, ಆಮೇಲಿನವು ದುಬಾರಿ. 500 ದಾಟಿದರೆ ಆ ಮೆಟ್ಟಿಲೇ ಇಲ್ಲ, ಒಂದನೇ ಯೂನಿಟ್‌ನಿಂದ ಎಲ್ಲದಕ್ಕೂ ಒಂದೇ ದರ. ನಾಲ್ಕೇ ಯೂನಿಟ್ ಹೆಚ್ಚಾದರೂ ಬಿಲ್ಲಿನಲ್ಲಿ ನೂರಾರು ರೂಪಾಯಿ ವ್ಯತ್ಯಾಸ. ನಿಮ್ಮದು 300ರ ಆಸುಪಾಸಿನಲ್ಲಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. 480, 490 ಬರುವ ಮನೆಯಾದರೆ ರೀಡಿಂಗ್‌ನವರು ಬರುವ ಒಂದೆರಡು ವಾರ ಮೊದಲು ಮೀಟರ್ ನೋಡಿಕೊಳ್ಳಿ. ಏಪ್ರಿಲ್-ಮೇಯಲ್ಲಿ ಫ್ಯಾನು, ಫ್ರಿಜ್ಜು, ಬಾವಿಯ ಪಂಪು ಎಲ್ಲ ಸೇರಿ ದಾಟೋದು ಗೊತ್ತೇ ಆಗೋದಿಲ್ಲ.

ಜೀನಸಿನ ಬಗ್ಗೆ ಹೆಚ್ಚು ಹೇಳೋದಿಲ್ಲ. ಕೇರಳ ಸರಕಾರದ ಸಪ್ಲೈಕೋದ ಮಾವೇಲಿ ಸ್ಟೋರಿನಲ್ಲಿ ರೇಷನ್ ಕಾರ್ಡಿಗೆ 13 ಸಾಮಾನು ಸಬ್ಸಿಡಿಯಲ್ಲಿ ಸಿಗುತ್ತವೆ. ಎಲ್ಲವೂ ಯಾವಾಗಲೂ ಇರೋದಿಲ್ಲ, ಪೇಟೆಗೆ ಹೋದಾಗ ಹಾಗೇ ಒಮ್ಮೆ ಹೊಕ್ಕು ಬನ್ನಿ. ತೆಂಗಿನೆಣ್ಣೆ ಮಾತ್ರ ಕೊಳ್ಳಬೇಡಿ. ನಾಲ್ಕು ತೆಂಗಿನಮರ ಇದ್ದರೂ ಬಿಸಿಲಿರುವಾಗ ಕೊಬ್ಬರಿ ಒಣಗಿಸಿ ಮಿಲ್ಲಿಗೆ ಕೊಟ್ಟುಬಿಡಿ. 2025ರಲ್ಲಿ ಎಣ್ಣೆ ಲೀಟರಿಗೆ 400 ರೂಪಾಯಿ ದಾಟಿದಾಗ ಹಾಗೆ ಮಾಡಿಟ್ಟವರು ನೆಮ್ಮದಿಯಾಗಿದ್ದರು.

ಚಿಟ್ಟಿ (ಚಿಟ್ ಫಂಡ್) ಸೇರಲಾ ಅಂತ ಕೆಲವರು ಕೇಳುತ್ತಾರೆ, ನಿಮಗೂ ಯಾರಾದರೂ ಹೇಳಬಹುದು. ಸೇರೋದಾದರೆ ಕೆಎಸ್‌ಎಫ್‌ಇಯಲ್ಲಿ ಸೇರಿ, ಅದು ಕೇರಳ ಸರಕಾರದ ಚಿಟ್ಟಿ ಕಂಪನಿ, 1969ರಿಂದ ಇದೆ. ಕೊನೆಯವರೆಗೆ ಕಾದವರಿಗೆ ಚಿಟ್ಟಿ ಉಳಿತಾಯ, ಮೊದಲೇ ಹರಾಜಿನಲ್ಲಿ ಕೂಗಿ ತೆಗೆದುಕೊಂಡವರಿಗೆ ಅದು ಸಾಲ. ಅಡವು ಬಿಡಿಸುವ ತನಕ ಹೊಸ ಕಂತು ತಲೆ ಮೇಲೆ ಎಳೆದುಕೊಳ್ಳಬೇಡಿ ಅಂತಲೇ ನಾನು ಹೇಳೋದು.

ಹಾಗೇ, ತಲಪಾಡಿಯಲ್ಲಿ ಪೆಟ್ರೋಲ್ ಅಗ್ಗ ಅಂತ ಗಡಿಗೆ ಓಡುವವರ ಮಾತು ಕೇಳಬೇಡಿ. ಕರ್ನಾಟಕದಲ್ಲಿ ಲೀಟರಿಗೆ ಕೆಲವು ರೂಪಾಯಿ ಕಡಿಮೆ, ನಿಜ. ಮಂಗಳೂರಿಗೆ ಹೋದಾಗ ತುಂಬಿಸಿಕೊಳ್ಳಿ. ಅದಕ್ಕೆಂದೇ ಬದಿಯಡ್ಕದಿಂದ ಸ್ಕೂಟರಲ್ಲಿ ಹೋಗಿಬಂದರೆ ಉಳಿದದ್ದಕ್ಕಿಂತ ಸುಟ್ಟದ್ದೇ ಜಾಸ್ತಿ.

ಆ್ಯಪ್ ಬೇಡ. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರ್ ಇದೆಯಲ್ಲ, ಅದರಲ್ಲೇ ಇನ್ನು ಮೂರು ಬರೆಯಿರಿ: ಮೀಟರ್ ರೀಡಿಂಗ್ ತಾರೀಕು, ಅಡವಿನ ಬಡ್ಡಿ ಕಟ್ಟುವ ತಾರೀಕು, ಅಡಿಕೆ ಕೊಟ್ಟ ದಿನದ ತೂಕ ಮತ್ತು ರೇಟು. ಬ್ಯಾಂಕಿನಲ್ಲಿ ಎಷ್ಟು ಪರ್ಸೆಂಟ್ ಹೇಳಿದರು ಅಂತ ಇಲ್ಲೇ ಕೆಳಗೆ ಬರೆಯಿರಿ, ಅಡವು ಬದಲಾಯಿಸಿದರೆ ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಹಾಕೋಣ.