ಇಲ್ಲಿ ಮೇಯರ್‌ಗಿರಿ ಅಂದರೆ ಒಂದು ನೌಕರಿ

ನೆದರ್‌ಲ್ಯಾಂಡ್ಸ್‌ನ ಬ್ರಬಾಂಟ್ ಪ್ರಾಂತ್ಯದ ಸಣ್ಣ ಊರಿಗೆ ಹೊಸದಾಗಿ ಬಂದಿದ್ದೀರಿ. ಎಲೆಕ್ಷನ್ ಗದ್ದಲವೇ ಇಲ್ಲದೆ ಮೇಯರ್ ಬದಲಾದರು, ಹೊಸಬರು ಈ ಊರಿನವರೂ ಅಲ್ಲ, ಇದು ಹೇಗೆ ಅಂತ ಕೇಳಿದ್ದೀರಿ.

ನೆದರ್‌ಲ್ಯಾಂಡ್ಸ್‌ನಲ್ಲಿ ಮೇಯರ್‌ಗೆ ಜನ ಓಟು ಹಾಕುವುದಿಲ್ಲ. ರಾಜರ ಆದೇಶದಲ್ಲಿ ಆರು ವರ್ಷಕ್ಕೆ ನೇಮಕ. ಈಗ ಊರಿನ ಕೌನ್ಸಿಲ್ ಹೆಸರು ಸೂಚಿಸುತ್ತದೆ, ಹಳೇ ಕಾಲದಲ್ಲಿ ಆ ಹಕ್ಕೂ ಇರಲಿಲ್ಲ. ನಮ್ಮ ಕಡೆ ಬೇರೆ ಊರಿಂದ ತಹಶೀಲ್ದಾರ್ ಬರುತ್ತಾರಲ್ಲ, ಹೆಚ್ಚುಕಮ್ಮಿ ಹಾಗೆ. ಆದರೆ ಇಲ್ಲಿ ಯಾರೂ ವರ್ಗ ಮಾಡುವುದಿಲ್ಲ, ಅವರೇ ಅರ್ಜಿ ಹಾಕಬೇಕು.

1851ರ ಪುರಸಭೆ ಕಾಯ್ದೆ ಬಂದ ಮೇಲೆ ಇದೊಂದು ಕೆರಿಯರ್ರೇ ಆಯಿತು. ಅನುಕೂಲಸ್ಥರ ಮನೆ ಹುಡುಗ ಯಾವುದೋ ಪುರಸಭೆ ಕಚೇರಿಯಲ್ಲಿ ಸಂಬಳವಿಲ್ಲದೆ ಕೆಲಸ ಕಲಿಯುತ್ತಿದ್ದ. ಜನನ ಮರಣದ ರಿಜಿಸ್ಟರು, ಪತ್ರಗಳ ಕರಡು, ಇಂಥವೇ. ಸುಮ್ನೆ ದುಡಿಯೋಕೆ ಅಪ್ಪನ ದುಡ್ಡು ಬೇಕು, ಅಲ್ವಾ? ಬಡವರ ಮಕ್ಕಳಿಗೆ ಬಾಗಿಲು ಅಲ್ಲೇ ಮುಚ್ಚುತ್ತಿತ್ತು. ರಾಜಕೀಯಕ್ಕಿಂತ ಮನೆತನವೇ ಜಾಸ್ತಿ ಕೆಲಸ ಮಾಡುತ್ತಿತ್ತು ಅನ್ನುವುದು ನನ್ನ ಅಭಿಪ್ರಾಯ. ಆಮೇಲೆ ಪ್ರಾಂತ್ಯದಲ್ಲಿದ್ದ ರಾಜಪ್ರತಿನಿಧಿಯ ಕಣ್ಣಿಗೆ ಬೀಳಬೇಕು. ಅವರ ಮಾತಿಗೆ ತೂಕವಿತ್ತು.

ಮೊದಲು ಸಿಗುತ್ತಿದ್ದದ್ದು ಪುಟ್ಟ ಹಳ್ಳಿ. ಎಷ್ಟೋ ಕಡೆ ಮೇಯರೂ ಅವನೇ, ಕಾರ್ಯದರ್ಶಿಯೂ ಅವನೇ. ಕೆಲವೊಮ್ಮೆ ಅಕ್ಕಪಕ್ಕದ ಎರಡು ಊರಿಗೆ ಒಬ್ಬನೇ. ಸಂಬಳ ಊರಿನ ಜನಸಂಖ್ಯೆ ನೋಡಿ ಕೊಡುತ್ತಿದ್ದರು. ಹಾಗಾಗಿ ಕಣ್ಣೆಲ್ಲ ದೊಡ್ಡ ಊರಿನ ಮೇಲೆ. ಸಮಾಜವಾದಿಗಳಿಗೆ ಈ ಏಣಿ ಬಹಳ ಕಾಲ ಸಿಗಲೇ ಇಲ್ಲ. ಅವರ ಮೊದಲ ಮೇಯರ್ ಕ್ಲಾಸ್ ತೆರ್ ಲಾನ್, ಊರು ಜಾನ್‌ಡಾಮ್, 1914ರಲ್ಲಿ.

ಮುಂದಿನ ಸಮಾರಂಭದಲ್ಲಿ ನಿಮ್ಮ ಮೇಯರ್ ಕೊರಳಿನ ಸರ ಹತ್ತಿರದಿಂದ ನೋಡಿ. ಅದರ ಪದಕದ ಒಂದು ಬದಿಗೆ ದೇಶದ ಲಾಂಛನ, ಇನ್ನೊಂದು ಬದಿಗೆ ಊರಿನದು. 1852ರಿಂದ ಬಂದ ಪದ್ಧತಿ.

ನಿಮ್ಮ ಬ್ರಬಾಂಟಿನದ್ದೇ ಇನ್ನೊಂದು ವಿಷಯ. ಓಸ್ಟ್, ವೆಸ್ಟ್ ಮತ್ತು ಮಿಡಲ್‌ಬೇರ್ಸ್ ಅಂತ ಮೂರು ಹಳ್ಳಿ ಸೇರಿದ ಪುರಸಭೆ ಇತ್ತು. ಅದರ ಮೇಯರ್ ಯುದ್ಧದ ಕಾಲದಲ್ಲಿ ನಾಜಿ ಶಿಬಿರದಲ್ಲಿ ತೀರಿಕೊಂಡರು. 1946ರಲ್ಲಿ ಆ ಜಾಗಕ್ಕೆ ಬಂದವರು ಅವರ ಹೆಂಡತಿ ತ್ರೂಸ್ ಸ್ಮುಲ್ಡರ್ಸ್. ದೇಶದ ಮೊದಲ ಮಹಿಳಾ ಮೇಯರ್ ಅವರೇ. ಕಚೇರಿಯಲ್ಲಿ ಪುಕ್ಕಟೆ ಕೆಲಸ ಕಲಿತ ಹುಡುಗರ ಸಾಲಿನವರಲ್ಲ ಆಕೆ.

ನಿಮ್ಮ ಓಟಿನ ಮಾತು: ಕಾನೂನು ಪ್ರಕಾರ ಸತತ ಐದು ವರ್ಷ ಇಲ್ಲಿದ್ದರೆ ಡಚ್ ಪಾಸ್‌ಪೋರ್ಟ್ ಇಲ್ಲದಿದ್ದರೂ ಕೌನ್ಸಿಲ್‌ಗೆ ಓಟು ಹಾಕಬಹುದು. ಮೇಯರ್ ಹೆಸರು ಸೂಚಿಸುವವರು ಆ ಕೌನ್ಸಿಲ್‌ನವರೇ ತಾನೇ.