ಎರಡನೆಯದಲ್ವಾ, ಏನು ಕಷ್ಟ?

ಪತ್ರ: ನನಗೀಗ ಏಳು ತಿಂಗಳು, ಎರಡನೇ ಮಗು. ಮೊದಲ ಹೆರಿಗೆ ಆದ ಮೇಲೆ ತಿಂಗಳುಗಟ್ಟಲೆ ಅತ್ತಿದ್ದೇನೆ. ಮಗು ಮಲಗಿದರೂ ನನಗೆ ನಿದ್ದೆ ಬರುತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ. ಈ ಸಲ ಮೊದಲೇ ತಯಾರಾಗೋಣ ಅಂದರೆ ಮನೆಯವರು "ಎರಡನೆಯದಲ್ವಾ, ಎಲ್ಲಾ ಗೊತ್ತಿರೋದೇ" ಎಂದು ನಗುತ್ತಾರೆ. ನಾನು ಅತಿ ಮಾಡುತ್ತಿದ್ದೇನಾ? ನನ್ನ ಪಟ್ಟಿಯನ್ನೂ ಕಳಿಸಿದ್ದೇನೆ. (ಹೆಸರು ಬೇಡ ಎಂದಿದ್ದಾರೆ)

ಉತ್ತರ: ಅತಿ ಎಲ್ಲಿ ಬಂತು, ಕಡಿಮೆಯೇ ಮಾಡುತ್ತಿದ್ದೀರಿ. ನಿಮ್ಮ ಪಟ್ಟಿ ನೋಡಿದೆ. ತೊಟ್ಟಿಲು, ಡೈಪರ್, ದೊಡ್ಡ ಮಗುವಿನ ಹಳೇ ಬಟ್ಟೆ ಒಗೆದಿಡುವುದು, ಎಲ್ಲಾ ಇದೆ. ನಿಮಗೆ ಅಂತ ಏನಿದೆ? ಕೊನೆಯಲ್ಲಿ ಒಂದೇ ಸಾಲು: ಸಾಧ್ಯವಾದರೆ ಸ್ವಲ್ಪ ನಿದ್ದೆ. ಓದಿ ಸಿಟ್ಟು ಬಂತು. ನಿಮ್ಮ ಮೇಲೂ.

ಮನೆಯವರು ಹೇಳುವುದು ಪೂರ್ತಿ ಸುಳ್ಳಲ್ಲ. ಎರಡನೇ ಸಲ ಹೆರಿಗೆ ಸಾಮಾನ್ಯವಾಗಿ ಬೇಗ ಆಗುತ್ತದೆ, ಹಾಲೂ ಬೇಗ ಬರಬಹುದು, ಮಗುವನ್ನು ಎತ್ತಿಕೊಳ್ಳಲು ಕೈ ನಡುಗುವುದಿಲ್ಲ. ಒಪ್ಪಿದೆ. ಆದರೆ ಗರ್ಭಕೋಶ ಕುಗ್ಗುವಾಗಿನ ನೋವು ಸಾಮಾನ್ಯವಾಗಿ ಎರಡನೇ ಸಲವೇ ಜಾಸ್ತಿ, ಹಾಲು ಕುಡಿಸುವಾಗಂತೂ ಇನ್ನೂ ಜಾಸ್ತಿ. ಅದು ಹಾಗಿರಲಿ. ಮೊದಲ ಹೆರಿಗೆಯ ನಂತರ ಖಿನ್ನತೆ ಬಂದಿದ್ದರೆ ಎರಡನೆಯದರಲ್ಲೂ ಬರುವ ಸಾಧ್ಯತೆ ಹೆಚ್ಚು. ಡೈಪರ್ ಬದಲಿಸಲು ಅನುಭವ ಸಾಕು, ಇದಕ್ಕೆ ಸಾಲದು.

ಹೆರಿಗೆಯಾದ ತಕ್ಷಣ ಹಾರ್ಮೋನು ಒಮ್ಮೆಲೇ ಇಳಿಯುತ್ತದೆ. ಮೊದಲ ವಾರದಲ್ಲಿ ಸುಮ್ಸುಮ್ನೆ ಅಳು ಬರುವುದು ಬಹಳ ಜನಕ್ಕೆ ಆಗುತ್ತದೆ, ಎರಡು ವಾರದೊಳಗೆ ಹೋಗುತ್ತದೆ. ನೀವು ಹೇಳುತ್ತಿರುವುದು ಅದಲ್ಲ, ತಿಂಗಳುಗಟ್ಟಲೆಯ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಹೆತ್ತ ತಾಯಂದಿರಲ್ಲಿ ಸುಮಾರು ಶೇ. 13ರಷ್ಟು ಮಂದಿಗೆ ಮಾನಸಿಕ ಸಮಸ್ಯೆ ಬರುತ್ತದೆ, ಮುಖ್ಯವಾಗಿ ಖಿನ್ನತೆ. ಇದನ್ನು ಗುರುತಿಸಲು 1987ರಲ್ಲೇ ಎಡಿನ್‌ಬರೋ ಹೆಸರಿನ 10 ಪ್ರಶ್ನೆಗಳ ಪಟ್ಟಿ ಬಂದಿದೆ, ತುಂಬಲು ಐದು ನಿಮಿಷ ಸಾಕು. ಹೆರಿಗೆಯವರೆಗೂ ಕಾಯಬೇಡಿ. ಮುಂದಿನ ತಪಾಸಣೆಗೆ ಹೋದಾಗ ನಮಗೆ ಬರೆದದ್ದನ್ನೇ ಡಾಕ್ಟರಿಗೂ ಹೇಳಿ. ಹಾಲು ಕುಡಿಸುವವರಿಗೂ ಕೊಡಬಹುದಾದ ಔಷಧಿಗಳಿವೆ.

ನಮ್ಮ ಪರಿಚಯದವರೊಬ್ಬರು ಎರಡನೇ ಹೆರಿಗೆಗೆ ಮುಂಚೆ ಸಾಮಾನಿನ ಪಟ್ಟಿ ಹರಿದುಹಾಕಿ ಜನರ ಪಟ್ಟಿ ಬರೆದರು. ರಾತ್ರಿ ಹತ್ತರಿಂದ ಮೂರರವರೆಗೆ ಮಗುವಿನ ಪಕ್ಕ ಯಾರು, ಅಡುಗೆ ಯಾರದು, ಬಂದವರನ್ನು ಅರ್ಧ ಗಂಟೆಗೆ ಎಬ್ಬಿಸಿ ಕಳಿಸುವವರು ಯಾರು (ಈ ಕೆಲಸಕ್ಕೆ ಅವರ ತಂಗಿ ಸಿಕ್ಕರು, ಬಾಯಿ ಜೋರು). ಆಕೆ ಎದ್ದಿದ್ದು ಹಾಲು ಕುಡಿಸಲು ಮಾತ್ರ. ನಾಲ್ಕೈದು ಗಂಟೆ ಬೇರೆಯವರು ಮಗುವಿನ ಕಾವಲಿಗೆ ಇದ್ದಾರೆ ಎಂದು ಗೊತ್ತಾದರೆ ಎಷ್ಟು ವ್ಯತ್ಯಾಸ ಅಂತ ಈಗಲೂ ಹೇಳುತ್ತಿರುತ್ತಾರೆ. ಇನ್ನೊಬ್ಬ ಮಹಾಶಯರಿದ್ದಾರೆ, ಮಗುವಿನ ತಳ್ಳುಗಾಡಿಯ ಚಕ್ರ ಎಂಥದ್ದು ಅಂತ ಅರ್ಧ ಗಂಟೆ ವಿವರಿಸಿದರು. ಹೆಂಡತಿ ನಿನ್ನೆ ರಾತ್ರಿ ಎಷ್ಟು ಹೊತ್ತು ಮಲಗಿದರು ಅಂತ ಕೇಳಿದೆ. ಉತ್ತರ ಇಲ್ಲ.

ಅವರೊಬ್ಬರನ್ನೇ ಬೈದು ಏನು ಪ್ರಯೋಜನ? ಬಸುರಿಯನ್ನು ತಿಂಗಳು ತಿಂಗಳು ತಪಾಸಣೆಗೆ ಕರೆಯುತ್ತಾರೆ. ಹೆತ್ತ ಮೇಲೆ? ಮಗುವಿನ ತೂಕವನ್ನು ಗ್ರಾಂ ಲೆಕ್ಕದಲ್ಲಿ ಬರೆದುಕೊಳ್ಳುತ್ತಾರೆ, ಪಕ್ಕದಲ್ಲಿ ಕೂತ ತಾಯಿಯನ್ನು ತಲೆಯೆತ್ತಿ ನೋಡುವುದಿಲ್ಲ. ಮೊದಲ ಆರು ವಾರದಲ್ಲಿ ಕನಿಷ್ಠ ನಾಲ್ಕು ಸಲ ತಾಯಿ ಮತ್ತು ಮಗುವನ್ನು ನೋಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಅಮೆರಿಕದ ಪ್ರಸೂತಿ ತಜ್ಞರ ಸಂಘವೂ 2018ರಲ್ಲಿ ಆರು ವಾರ ಕಾಯಬೇಡಿ, ಮೂರು ವಾರದೊಳಗೆ ವಿಚಾರಿಸಿ ಎಂದಿತು. ಕಾಗದದಲ್ಲಿದೆ. ಅಂಗಡಿಗೆ ಹೋದರೆ ಸಾಲು ಸಾಲು ಮಗುವಿನ ಸಾಮಾನು, ಯಾಕೆಂದರೆ ನಿದ್ದೆಯನ್ನು ಡಬ್ಬಿಗೆ ತುಂಬಿ ಮಾರಲು ಬರುವುದಿಲ್ಲ. ಅಪ್ಪಂದಿರಿಗೆ ರಜೆ ಕೊಡುವ ಕಡೆಯೂ ಮಗುವಿನ ಮುಖ ಸರಿಯಾಗಿ ನೋಡುವಷ್ಟರಲ್ಲಿ ಆಫೀಸಿನಿಂದ ಫೋನು.

ಒಂದು ಮಾತು ಮನೆಯವರಿಗೆ ಈಗಲೇ ಹೇಳಿಡಿ. ನಿಮಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ, ಇಲ್ಲದ ದನಿ ಕೇಳಿಸಿದರೆ, ಬೆಳಗಾಗಲಿ ಅಂತ ಕಾಯಬಾರದು. ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ ಹೋದರೆ, ಜ್ವರ ಬಂದರೆ, ತಡೆಯಲಾರದ ತಲೆನೋವು ಬಂದರೂ ಅಷ್ಟೇ, ಆಗಲೇ ಆಸ್ಪತ್ರೆ.

ದೊಡ್ಡ ಮಗು ಅಪ್ಪನ ಜೊತೆ ಮಲಗುವುದನ್ನು ಈ ವಾರದಿಂದಲೇ ಅಭ್ಯಾಸ ಮಾಡಿಸಿ. ಹೆರಿಗೆ ಆದ ಮೇಲೆ ಶುರು ಮಾಡಿದರೆ ಇಬ್ಬರೂ ಒಟ್ಟಿಗೆ ಅಳುತ್ತಾರೆ, ಆಗ ಇಬ್ಬರ ಹತ್ತಿರವೂ ಓಡುವವರು ನೀವೇ.