ಧಾರವಾಡದಲ್ಲಿ ರೂಮು ಮಾಡೋ ಮೊದಲು ಮಗನಿಗೆ ಏನು ಕಲಿಸಬೇಕು?

ಪಿಯುಸಿ ಮುಗಿಸಿದ ಮಗ ರೋಣ ಬಿಟ್ಟು ಧಾರವಾಡದಲ್ಲಿ ರೂಮು ಮಾಡಿ ಡಿಗ್ರಿ ಓದಲಿದ್ದಾನೆ, ಓದು ಬಿಟ್ಟು ಅವನಿಗೆ ಏನೇನು ಬರಬೇಕು ಅಂತ ಕೇಳಿದ್ದೀರಿ. ಅಡುಗೆ, ಅರಿವೆ ಒಗೆಯೋದು ಹದಿನೈದು ದಿನದಲ್ಲಿ ಕೈಗೆ ಹತ್ತುತ್ತದೆ. ನಾನಾದರೆ ಬ್ಯಾಂಕು, ಕಾಗದಪತ್ರದ ಕೆಲಸವನ್ನೇ ಮೊದಲು ಕಲಿಸುತ್ತೇನೆ.

ಸ್ಕಾಲರ್‌ಶಿಪ್ಪಿಗೆ ಎಸ್‌ಎಸ್‌ಪಿ ಅನ್ನೋ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅವನ ಆಧಾರಿಗೆ ನಿಮ್ಮ ಮೊಬೈಲ್ ನಂಬರು ಜೋಡಿಸಿದ್ದರೆ ಒಟಿಪಿ ನಿಮಗೇ ಬರುತ್ತದೆ. ನೀವು ಹೊಲದಲ್ಲಿ, ಹುಡುಗ ಧಾರವಾಡದ ಸೈಬರ್ ಸೆಂಟರಿನಲ್ಲಿ. ನೀವು ಫೋನ್ ಎತ್ತೋದರೊಳಗೆ ಒಟಿಪಿ ಅವಧಿ ಮುಗಿದಿರುತ್ತದೆ. ಈಗಲೇ ಆಧಾರ್ ಕೇಂದ್ರಕ್ಕೆ ಹೋಗಿ ಅವನ ನಂಬರು ಹಾಕಿಸಲಿ. 15 ತುಂಬಿದ ಮೇಲೆ ಬೆರಳಚ್ಚು ಹೊಸದಾಗಿ ಕೊಟ್ಟಿರದಿದ್ದರೆ ಅದೂ ಅಲ್ಲೇ ಆಗಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರೋ ಹೆಸರು, ಆಧಾರಿನ ಹೆಸರು ಅಕ್ಷರಕ್ಷರ ತಾಳೆಯಾಗಬೇಕು; ಇನಿಷಿಯಲ್ ಹಿಂದುಮುಂದಾದರೂ ತಕರಾರು ಬರಬಹುದು.

ಹಣ ಜಮಾ ಆಗೋದು ಆಧಾರ್ ಸೀಡಿಂಗ್ ಆದ, ಅಂದರೆ ಸರ್ಕಾರದ ದುಡ್ಡು ಬರಲೆಂದು ಆಧಾರ್ ನಂಬರಿಗೆ ಜೋಡಿಸಿದ ಖಾತೆಗೆ. ಪಾಸ್‌ಬುಕ್ಕಿನ ಜೊತೆ ಆಧಾರ್ ಜೆರಾಕ್ಸ್ ಕೊಟ್ಟರೆ ಸೀಡಿಂಗ್ ಆದಂತಲ್ಲ, ಅದಕ್ಕೆ ಬ್ಯಾಂಕಿನಲ್ಲಿ ಬೇರೆ ಫಾರ್ಮ್ ಇದೆ. ಎರಡು ಬ್ಯಾಂಕಿನಲ್ಲಿ ಖಾತೆ ಇದ್ದರೆ ಕೊನೆಗೆ ಸೀಡಿಂಗ್ ಮಾಡಿಸಿದ್ದಕ್ಕೇ ದುಡ್ಡು ಹೋಗುತ್ತದೆ. ಎಷ್ಟೋ ಹುಡುಗರು ಬಾರದ ದುಡ್ಡನ್ನು ಬೇರೆ ಖಾತೆಯಲ್ಲಿ ಹುಡುಕುತ್ತಿರುತ್ತಾರೆ. ಸಣ್ಣವನಿದ್ದಾಗ ನಿಮ್ಮ ಸಹಿ ಮೇಲೆ ತೆರೆದ ಖಾತೆಯಾದರೆ 18 ತುಂಬಿದ ಕೂಡಲೇ ಕೆವೈಸಿ (ಗುರುತು, ವಿಳಾಸದ ದಾಖಲೆ) ಕೊಟ್ಟು ಅವನ ಸಹಿ ದಾಖಲಿಸಬೇಕು. ಆ ಸಹಿ ಸದಾ ಒಂದೇ ಥರ ಬರಲಿ. ಈ ಓಡಾಟಕ್ಕೆ ನೀವು ಜೊತೆಗೆ ಹೋಗಬೇಡಿ. ಹೋದರೂ ಹೊರಗೆ ಚಹಾ ಕುಡೀತಾ ಕೂಡ್ರಿ.

ಇನ್ನು ಯುಪಿಐ. ದುಡ್ಡು ಬರಬೇಕಾದರೆ ಪಿನ್ ಒತ್ತೋದೇ ಇಲ್ಲ. ಇದೊಂದನ್ನು ತಲೆಯಲ್ಲಿ ಕೂರಿಸಿ.

ಅರಿವೆಯ ವಿಷಯಕ್ಕೆ ಬಂದರೆ, ಧಾರವಾಡದ ಜಿಟಿಜಿಟಿ ಮಳೆ ನಿಮ್ಮ ರೋಣದಂತಲ್ಲ. ಭಾನುವಾರಕ್ಕೆ ಗುಡ್ಡೆ ಹಾಕಿಟ್ಟರೆ ಯಾವುದೂ ಒಣಗುವುದಿಲ್ಲ, ದಿನಕ್ಕೆರಡು ಒಗೆಯಬೇಕು. ಅರ್ಧ ತಾಸು ನೆನೆಸಿದರೆ ಸಾಕು. ರಾತ್ರಿಯಿಡೀ ಬಿಟ್ಟರೆ ವಾಸನೆ ಹಿಡಿಯುತ್ತದೆ. ಜೀನ್ಸ್ ಒಳಮೈ ಹೊರಗೆ ಮಾಡಿ ಹರವಬೇಕು, ಕಿಸೆ ಮೊದಲು ಒಣಗಲಿ.

ಕುಕ್ಕರಿನಲ್ಲಿ ಬೇಳೆ, ನೀರು ಸೇರಿ ಅರ್ಧಕ್ಕಿಂತ ಹೆಚ್ಚಿರಬಾರದು. ನೊರೆ ಉಕ್ಕಿ ಸೀಟಿಯ ತೂತು ಮುಚ್ಚಿಕೊಳ್ಳುತ್ತದೆ. ಉಳಿದದ್ದು ಮನೆಯ ಬುತ್ತಿ, ಅದು ನಿಮ್ಮ ಕೈಯಲ್ಲಿದೆ: ಖಡಕ್ ರೊಟ್ಟಿ ಪೂರ್ತಿ ಆರಿದ ಮೇಲೆ ಅರಿವೆಯಲ್ಲಿ ಕಟ್ಟಿ ಬಸ್ಸಿಗೆ ಕೊಡಿ. ಬಿಸಿ ಇದ್ದಾಗಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಉಗಿ ನೀರಾಗಿ, ನಾಲ್ಕು ದಿನದಲ್ಲಿ ಬೂಸ್ಟು ಹಿಡಿಯುತ್ತದೆ.